ನಲವತ್ತು ನಿಮಿಷದ ದಾರಿ

“ಇಷ್ಟು ಬೇಗ ಹೇಗೆ ಬಂತು?” ಅಕ್ಕ ಯಾರನ್ನೂ ನೋಡದೆ ಕಿಟಕಿಯ ಗಾಜಿಗೆ ಕೇಳಿದಳು.

ನಮ್ಮ ದ್ವೀಪಕ್ಕೂ ಆಚೆಯ ದ್ವೀಪಕ್ಕೂ ವಿಮಾನದಲ್ಲಿ ನಲವತ್ತು ನಿಮಿಷದ ದಾರಿ. ಮಧ್ಯೆ ಬರೀ ನೀರು, ಅಡ್ಡದಾರಿ ಹಿಡಿಯುವ ಮಾತೇ ಇಲ್ಲ. ನಿಲ್ದಾಣದ ರೇಡಿಯೊ ಕೋಣೆಯಲ್ಲಿ ಕೂರುವ ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ವಿಮಾನ ನಡೆಸುವ ಭಾವ ಆ ಮಧ್ಯಾಹ್ನ ಅಲ್ಲಿಂದ ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ. ಆದರೂ ಅವರ ವಿಮಾನ ರನ್‌ವೇ ಪಕ್ಕದಲ್ಲಿ ನಿಂತಿತ್ತು. ಇಳಿದ ಸದ್ದೇ ಕೇಳಿಸಿರಲಿಲ್ಲ. ಹೋಗಿ ಎಂಜಿನ್ ಮುಟ್ಟಿದೆ. ಸುಡುಬಿಸಿಲಲ್ಲೂ ಮಂಜಿನಂತೆ ತಣ್ಣಗಿತ್ತು.

ಒಳಗೆ ಓಡಿ ಬಂದರೆ ರೇಡಿಯೊದಲ್ಲಿ ಭಾವನ ದನಿ. “ಏನೋ ಭಾವಮೈದ, ಎದುರುಗಾಳಿ ಕಣೋ. ಇನ್ನೂ ಸಮುದ್ರದ ಮೇಲೇ ಇದ್ದೀನಿ. ತಡ ಆಗುತ್ತೆ, ಮುಖ ಊದಿಸ್ಕೋಬೇಡ ಅಂತ ನಿಮ್ಮಕ್ಕಂಗೆ ಹೇಳು.”

ಕಾವ್ಯವಾಚನ ಕೇಳುತ್ತ ಬೆಳೆದ ಕಿವಿ ನನ್ನದು, ದನಿ ಗುರುತಿಸುವುದರಲ್ಲಿ ಎಂದೂ ತಪ್ಪಿಲ್ಲ. ಬಾಗಿಲಲ್ಲಿ ಬಂದು ನಿಂತ ಭಾವನದೂ ಅದೇ ದನಿ.

“ಬಾರೇ, ಹೋಗೋಣ,” ಎಂದು ಅವರು ಅಕ್ಕನತ್ತ ಕೈ ಚಾಚಿದರು.

ರೇಡಿಯೊ ಮಾತು ಅಕ್ಕನಿಗೂ ಕೇಳಿಸಿತ್ತು. ಎದ್ದವಳು ಅಲ್ಲೇ ನಿಂತಳು. “ಹೊರಡೋವಾಗ ಯಾರಾದ್ರೂ ಹೋಗೋಣ ಅಂತಾರೇನ್ರೀ? ಹೋಗಿ ಬರೋಣ ಅನ್ನಿ.”

ಅವರು ನಕ್ಕರು. “ಅದೊಂದನ್ನ ಮಾತ್ರ ಅನ್ನಲ್ಲ.”