ಕರುಳು ಎಚ್ಚರವಾಗುವವರೆಗೆ

"ಕುಡಿಬೇಡಿ!"

ಅಂಕಿತಾ ಬೀಸಿದ ಕೈಗೆ ಹರಳೆಣ್ಣೆಯ ಲೋಟ ಹಾರಿ ಗೋಡೆಗೆ ಬಡಿಯಿತು. ಹೊಟ್ಟೆ ಹಿಡಿದು ಮುದುಡಿ ಮಲಗಿದ್ದ ಗಂಡ ಲೋಕೇಶ ಬೆಚ್ಚಿಬಿದ್ದ. ಲೋಟ ಹಿಡಿದಿದ್ದ ಅತ್ತೆ ಲಕ್ಕಿ ಸೊಸೆಯತ್ತ ತಿರುಗಿದಳು. ಗಂಡ ತೀರಿಕೊಂಡ ಮೇಲೆ ತರಕಾರಿ ಬೆಳೆದು, ಬುಟ್ಟಿ ಹೊತ್ತು ಮಾರಿ ಒಬ್ಬನೇ ಮಗನನ್ನು ಸಾಕಿದವಳು ಅವಳು. ಹಿರೇಗುತ್ತಿಯ ಆ ಮನೆಯಲ್ಲಿ ಅವಳ ಮಾತಿಗೆ ಎದುರು ಮಾತೇ ಇರಲಿಲ್ಲ. ಇಂದು ಸೊಸೆ ಅವಳ ಕೈಯ ಮದ್ದನ್ನೇ ಚೆಲ್ಲಿದ್ದಳು!

"ನನ್ನ ಮಗನ ಹೊಟ್ಟೆ ನಂಗೆ ಗೊತ್ತಿಲ್ವನೇ? ಹೊಟ್ಟೆ ಕಟ್ಟಿದೆ, ಒಂದ್ಸಲ ಹೊರಗೆ ಹೋದ್ರೆ ಆತು. ಶಾಲೆಲಿ ವಿಜ್ಞಾನ ಕಲಿಸಿದ ಕೂಡ್ಲೆ ನೀನೆಂತ ಡಾಕ್ಟರಾ?"

"ಅತ್ತೆ, ಹೂಸೂ ಹೋಗ್ತಿಲ್ಲ. ಹಸಿರು ವಾಂತಿ ಆಗ್ತಾ ಇದೆ, ಅದು ಪಿತ್ತ. ಕೆಳಗೆ ಹೋಗಬೇಕಾದ್ದು ಮೇಲೆ ಬರ್ತಿದೆ ಅಂದ್ರೆ ಕರುಳಿನ ದಾರಿಯೇ ಮುಚ್ಚಿರಬೇಕು. ಎಣ್ಣೆ ಕೊಟ್ಟು ಅದನ್ನ ಇನ್ನೂ ಹಿಂಡಿಸಿದ್ರೆ ಒಡೆದೇ ಹೋದೀತು!"

"ಅವ್ವಿ... ತಡೆಯೂಕೆ ಆಗ್ತಿಲ್ಲ..." ಲೋಕೇಶ ನರಳಿದ.

ಅಂಕಿತಾ ಬಾಡಿಗೆ ಕಾರಿಗೆ ಫೋನ್ ಮಾಡಿದಳು. ಕುಮಟೆಯ ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತೆ ಆಡಿದ್ದು ಒಂದೇ ಮಾತು: "ಇವನಿಗೆ ಎಂತಾದ್ರೂ ಆದ್ರೆ ನನ್ನ ಹೊಸ್ತಿಲು ತುಳಿಬೇಡ."

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗ ಅಂಕಿತಾ ಎದುರಿನ ಬೆಂಚಿನಲ್ಲಿ ಕೂತಳು. ತನ್ನ ಊಹೆ ತಪ್ಪಾಗಿದ್ದರೆ? ಬಂದದ್ದೇ ತಡವಾಗಿದ್ದರೆ?... ದೇವರೇ!

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದರು. ಹಿಂದೊಮ್ಮೆ ಅಪೆಂಡಿಕ್ಸ್ ತೆಗೆಸಿದ ಜಾಗದಲ್ಲಿ ನಾರಿನಂಥ ಪಟ್ಟಿಯೊಂದು ಬೆಳೆದು, ಸಣ್ಣ ಕರುಳು ಅದಕ್ಕೆ ಸಿಕ್ಕಿ ಹೊಸೆದುಕೊಂಡಿತ್ತಂತೆ. ರಕ್ತ ಸಿಗದೆ ಕಪ್ಪಾದಷ್ಟನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿದ್ದರು. "ಕರುಳು ಮತ್ತೆ ಚಲಿಸುವವರೆಗೆ ಒಂದು ಹನಿ ನೀರೂ ಕೊಡಬೇಡಿ. ಹೊಲಿಗೆ ಬಿಡದೆ ನಿಲ್ಲಬೇಕು," ಎಂದರು.

ಮರುದಿನ ಲೋಕೇಶ ಒಣಗಿದ ತುಟಿಯಲ್ಲಿ ಬೇಡಿದ: "ಅವ್ವಿ, ಒಂದು ಗುಟುಕು ನೀರು..."

ಲಕ್ಕಿಯ ಕೈ ಬಾಟಲಿಯತ್ತ ಹೋಯಿತು. ಅಂಕಿತಾ ತಡೆಯಲು ಎದ್ದಳು. ಆದರೆ ಲಕ್ಕಿ ಕೈ ಹಿಂದೆಳೆದುಕೊಂಡು ಜಗಲಿಗೆ ಓಡಿ, ಸೆರಗು ಬಾಯಿಗೊತ್ತಿ ಅತ್ತಳು. ಹಿಂದೆ ಬಂದ ಸೊಸೆಯನ್ನು ಕೇಳಿದಳು: "ಒಳಗೆ ಎಂತ ಆಗ್ತದೆ ಅಂಕಿತಾ? ನಂಗೂ ಹೇಳು."

ಅಂಕಿತಾ ಅತ್ತೆಯ ಕೈಯನ್ನು ತನ್ನ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಸಿದಳು. "ಬಾಯಲ್ಲಿ ಅಗಿದದ್ದು ಇಲ್ಲಿಂದ ಜಠರಕ್ಕೆ ಇಳೀತದೆ, ಅಲ್ಲಿ ಹುಳಿರಸದಲ್ಲಿ ಕಡೆದು ಗಂಜಿಯ ಹಾಗೆ ಆಗ್ತದೆ. ಸಣ್ಣ ಕರುಳಲ್ಲಿ ಪಿತ್ತ ಸೇರ್ತದೆ, ಸಾರವೆಲ್ಲ ರಕ್ತಕ್ಕೆ ಹೋಗ್ತದೆ. ದೊಡ್ಡ ಕರುಳು ನೀರು ಹೀರ್ಕೊಳ್ತದೆ. ಕರುಳು ಎರೆಹುಳದ ಹಾಗೆ ಹಿಂಡಿ ಹಿಂಡಿ ಎಲ್ಲವನ್ನೂ ಮುಂದೆ ನೂಕ್ತದೆ ಅತ್ತೆ. ಈಗ ಪೆಟ್ಟಾಗಿ ಸುಮ್ಮನೆ ಮಲಗಿದೆ."

"ಎದ್ದದ್ದು ಹೆಂಗೆ ಗೊತ್ತಾಗ್ತದೆ?"

"ಹೂಸು ಹೋಗ್ತದೆ."

ಅತ್ತೆ ಸೊಸೆ ಇಬ್ಬರೂ ಹಾಸಿಗೆಯ ಪಕ್ಕ ಕಾದು ಕೂತರು. ಮಗನ ಹೊಟ್ಟೆ ಸ್ವಲ್ಪ ಉಬ್ಬಿದಂತೆ ಕಂಡರೂ ಲಕ್ಕಿ ಸೊಸೆಯ ಮುಖ ನೋಡುತ್ತಿದ್ದಳು. ಅಂಕಿತಾಳಿಗೋ, ಹೊಲಿಗೆ ಬಿಟ್ಟುಕೊಂಡರೆ ಎಂಬ ಭಯವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಇನ್ನೊಂದು ಬೆಳಗಾದಾಗ ಲೋಕೇಶ ನಾಚಿಕೆಯಿಂದ ಪಿಸುಗುಟ್ಟಿದ: "ಅವ್ವಿ... ಹೋತು."

"ಎಂತ ಹೋತು?" ಎಂದವಳಿಗೆ ಥಟ್ಟನೆ ಹೊಳೆಯಿತು. ಲಕ್ಕಿ ಕೈಮುಗಿದಳು, ನಕ್ಕಳು, ಅತ್ತಳು. ಡಾಕ್ಟರು ಬಂದು ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಇನ್ನು ಚಮಚದಲ್ಲಿ ನೀರು ಕೊಡಬಹುದೆಂದರು.

ಮಗ ನೀರು ನುಂಗಿದ್ದನ್ನು ಕಣ್ತುಂಬ ನೋಡಿದ ಲಕ್ಕಿ, ಸೊಸೆಯ ಬಾಡಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಬಂದಾಗಿಂದ ನೀನೂ ಎಂತದೂ ತಿಂದಿಲ್ಲ. ಬಾ ಮಗಾ, ಕೆಳಗೆ ಹೋಗಿ ಗಂಜಿ ಉಣ್ಣುವ."

ಅಷ್ಟೂ ದಿನ ಅಳದಿದ್ದ ಅಂಕಿತಾ, ಅತ್ತೆಯ ಹೆಗಲಿಗೊರಗಿ ಬಿಕ್ಕಿ ಬಿಕ್ಕಿ ಅತ್ತಳು...