ಎಡಕ್ಕೆ ಸುತ್ತಿದ ಕರ್ಸರ್

ಪೀಣ್ಯದ ನಮ್ಮ ಕಾರ್ಖಾನೆಯ ಹಳೆಯ ಸರ್ವರನ್ನು ವರ್ಷಗಟ್ಟಲೆ ನೋಡಿಕೊಂಡವರು ಸಾಫ್ಟ್‌ವೇರ್ ಕಂಪನಿಯ ಉಪೇಂದ್ರ. ತಮ್ಮ ಆಫೀಸಿನಲ್ಲೇ ಕೂತು ನೆಟ್‌ವರ್ಕ್ ಮೂಲಕ ರಿಪೇರಿ ಶುರುಮಾಡುವ ಮೊದಲು, ಮಂಗಳಾರತಿ ಎತ್ತುವಂತೆ ಕರ್ಸರನ್ನು ಬಲಕ್ಕೆ ಮೂರು ಸುತ್ತು ತಿರುಗಿಸುತ್ತಿದ್ದರು. "ನಿಮ್ಮನ್ನ ಕೈ ಬಿಡಲ್ಲ ಮೇಡಂ" ಎನ್ನುತ್ತಿದ್ದ ಅದೇ ಮನುಷ್ಯ ಕಳೆದ ತಿಂಗಳು, "ಹಳೇದಕ್ಕೆ ಸಪೋರ್ಟ್ ನಿಲ್ಸಿದೀವಿ, ಇನ್ನು ಫೋನ್ ಮಾಡ್ಬೇಡಿ" ಎಂದುಬಿಟ್ಟರು. ಅವತ್ತೇ ನಾನು ಸರ್ವರಿನ ನೆಟ್‌ವರ್ಕ್ ವೈರು ಕಿತ್ತುಹಾಕಿದೆ.

ನಿನ್ನೆ ಮಧ್ಯಾಹ್ನ ಅದರ ಪರದೆಯ ಮೇಲೆ ಕರ್ಸರ್ ತಾನಾಗಿ ಸುತ್ತತೊಡಗಿತು. ಆ ಕೊರೆಯುವ ಎಸಿಯಲ್ಲೂ ಮೌಸ್, ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು. ಸಿಟ್ಟಿನಿಂದ ಉಪೇಂದ್ರರಿಗೆ ಫೋನ್ ಮಾಡಿದೆ.

"ಕೈ ಬಿಟ್ಮೇಲೆ ಮತ್ಯಾಕ್ರೀ ಬಂದು ಕರ್ಸರ್ ಸುತ್ತಿಸ್ತಿದೀರಿ?"

"ನಾನೆಲ್ಲಿ ಬಂದೆ ಮೇಡಂ? ನನ್ ಸ್ಕ್ರೀನಲ್ಲೂ ತಾನಾಗೇ ಸುತ್ತುತಾ ಇದೆ. ನೀವೇ ನಿಲ್ಸಿ. ಹೆಣಕ್ಕೆ ಸುತ್ತೋ ಹಾಗೆ ಎಡಕ್ಕೆ ಹೋಗ್ತಿದೆ."

ನನ್ನೆದುರಿನದೂ ಎಡಕ್ಕೇ ಸುತ್ತುತ್ತಿತ್ತು. ಕಿತ್ತ ವೈರು ನನ್ನ ಕಾಲ ಬಳಿ ಬಿದ್ದಿತ್ತು.