ಓರ್ಲಿಯಾ ಘಾಟಿಯಲ್ಲಿ ಎತ್ತಿದ ಹೊರೆ

"ಕೈ ತೆಗಿ! ನನ್ನ ಹೊರೆ ಮುಟ್ಟಿದ್ರೆ ನೋಡು!"

ಝೋಫ್ಕಾಳ ಕೂಗಿಗೆ ಓರ್ಲಿಯಾ ಘಾಟಿಯ ನೆತ್ತಿಯಲ್ಲಿ, ತಂಗುಮನೆಯ ಮುಂದೆ ಚಹಾ ಕುಡಿಯುತ್ತಿದ್ದ ಚಾರಣಿಗರೆಲ್ಲ ತಿರುಗಿ ನೋಡಿದರು. ಅವಳ ಬೆನ್ನಿನ ಹೊರೆಯನ್ನು ಹಿಂದಿನಿಂದ ಎತ್ತಿ ಹಿಡಿದಿದ್ದ ಓಂಡ್ರೆಯ್ ಬೆಚ್ಚಿ ಕೈಬಿಟ್ಟ. ಈ ಬೇಸಿಗೆಯಲ್ಲಷ್ಟೇ ಘಾಟಿಯ ಆಚೆ ಕಡೆಯಿಂದ ಹೊರೆ ಹೊರುವ ಕೆಲಸಕ್ಕೆ ಬಂದವನು ಅವನು.

"ನನ್ನ ಕಾಲು ಸೋತಿದೆ ಅಂತ ಊರಿಗೆಲ್ಲ ಸಾರ್ತೀಯಾ?"

"ಅಯ್ಯೋ, ಹಾಗಲ್ಲ ಝೋಫ್ಕಾ... ನಾನು..."

"ಇನ್ಮೇಲೆ ನನ್ನ ದಾರೀಲಿ ಕಾಣಿಸ್ಕೋಬೇಡ!"

ತಾತ್ರಾ ಬೆಟ್ಟದ ಈ ಮಗ್ಗುಲಲ್ಲಿ ಇನ್ನೊಬ್ಬರ ಹೊರೆಗೆ ಕೈ ಹಚ್ಚುವುದೆಂದರೆ ಕೆನ್ನೆಗೆ ಹೊಡೆದಂತೆ. ಪಟ್ಟಣದ ಟೋಪಿ ದೊರೆಗಳು ಮೊದಲ ಸಲ ಬೆಟ್ಟ ಹತ್ತಲು ಬಂದ ಕಾಲದಿಂದಲೂ ಇಲ್ಲಿಗೆ ಹಿಟ್ಟು, ಸೌದೆ ಹೊತ್ತವರು ಅವಳ ಮನೆತನದವರೇ. ಹತ್ತುವವರು ಹಿಡಿದುಕೊಳ್ಳಲೆಂದು ಬಂಡೆಗೆ ಸರಪಳಿ ಬಡಿದವನು ಅವಳ ಮುತ್ತಾತ. ಅಂಥ ಮನೆಯ ಹುಡುಗಿಗೆ ಈ ಅವಮಾನವೇ!

ಆದರೂ... ಕಣ್ಣು ಯಾಕೆ ತುಂಬುತ್ತಿದೆ?

ಬೇಸಿಗೆಯಿಡೀ ಮಂಜಿನಲ್ಲಿ ಅವನ ಸಿಳ್ಳೆ ಕೇಳುತ್ತಾ ನಡೆದಿದ್ದಳು. ಕಾಲ ಕೆಳಗೆ ಮೋಡ ತೇಲುವಾಗ, ನೆಲವೇ ಇಲ್ಲದ ಲೋಕದಲ್ಲಿ ತಾವಿಬ್ಬರೇ ಇದ್ದೇವೆ ಅನ್ನಿಸುತ್ತಿತ್ತು. ಆಗೆಲ್ಲ ಹೊರೆಯ ಭಾರವೇ ತಿಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ಕಣಿವೆಯ ಮನೆಯಲ್ಲಿ ಅಜ್ಜಿ ಮರೀನಾ ಬೆಳ್ಳುಳ್ಳಿ ಸಾರು ಕಲಕುತ್ತಾ ಹೇಳಿದಳು, "ಓಂಡ್ರೆಯ್ ಕೆಲಸ ಬಿಟ್ಟ. ಘಾಟಿ ದಾಟಿ ಊರಿಗೆ ಹೋಗ್ತಾನಂತೆ. ಇನ್ನು ಬರಲ್ವಂತೆ."

"ಹೋಗ್ಲಿ ಬಿಡು! ನನ್ನ ಮಾನ ಕಳೆದವನು."

"ಹುಚ್ಚಿ! ಘಾಟಿಯ ಆಚೆ ಕಡೆ ಹುಡುಗ ಒಬ್ಬ ಹುಡುಗಿಯ ಹೊರೆ ಎತ್ತಿದ್ರೆ, ನನ್ನ ಮದುವೆ ಆಗ್ತೀಯಾ ಅಂತ ಕಣೇ! ಪಾಪ, ಎಲ್ಲರ ಮುಂದೆ ಕೇಳಿದಾನೆ. ನೀನು ಎಲ್ಲರ ಮುಂದೆ ಉಗಿದು ಕಳಿಸಿದೀಯ."

"ಅಯ್ಯೋ ದೇವರೇ! ನಿನ್ನೆನೇ ಹೇಳಬಾರದಿತ್ತಾ ಅಜ್ಜಿ?"

"ನೀನು ಬೈಯೋದು ನಿಲ್ಲಿಸಿದ್ರೆ ತಾನೇ!"

ಝೋಫ್ಕಾ ಬರಿಗೈಯಲ್ಲಿ ಓಡಿದಳು. ಮಂಜು ದಾರಿಯನ್ನೇ ನುಂಗಿತ್ತು. ಸರಪಳಿ ಹಿಡಿದು ಹತ್ತಿದಳು, ಜಾರಿದಳು, ಮತ್ತೆ ಹತ್ತಿದಳು. 'ಇರು ಓಂಡ್ರೆಯ್... ಇನ್ನೊಂದು ಗಳಿಗೆ ಇರು...'

ತಂಗುಮನೆಯ ಮುಂದೆ, ಹೊರಡಲು ಮನಸ್ಸಾಗದೆ, ಆರಿದ ಚಹಾ ಹಿಡಿದು ಅವನು ಕೂತಿದ್ದ.

"ಬೈಯೋದು ಇನ್ನೂ ಬಾಕಿ ಇತ್ತಾ?"

"ನನಗೆ... ಗೊತ್ತಿರ್ಲಿಲ್ಲ... ನಿಮ್ಮ ಕಡೆ ಪದ್ಧತಿ..."

ಅವನು ಎದ್ದು ನಿಂತ. "ಈಗ ಗೊತ್ತಾಯ್ತಲ್ಲ. ಆಗ್ತೀಯಾ?"

ಉತ್ತರ ಹೇಳಲು ಉಸಿರೇ ಇರಲಿಲ್ಲ. ಹೌದು, ಹೌದು ಎಂದು ತಲೆಯಾಡಿಸುತ್ತಾ, ಮೊಣಕಾಲಿಗೆ ಕೈಯೂರಿ ಬಗ್ಗಿದಳು. ಚಾರಣಿಗರೆಲ್ಲ ಇತ್ತಲೇ ನೋಡುತ್ತಿದ್ದರು. ಅವನ ಕೈ ಮುಂದೆ ಬಂದು, ಅಂಜಿ ಅರ್ಧಕ್ಕೇ ನಿಂತಿತು.

"ಕಾಲು ಸೋತಿದೆ ಕಣೋ," ಎಂದಳು ಎಲ್ಲರಿಗೂ ಕೇಳುವಂತೆ. "ಹಿಡ್ಕೋ ನನ್ನ!"

"ಜನ ನೋಡ್ತಿದಾರೆ ಝೋಫ್ಕಾ..."

"ನೋಡ್ಲಿ ಬಿಡು."